ಆತ್ಮಿಕ ಫಲ: ಮನೆಯೊಳಗಿಂದ ಶುರು ಮಾಡುವುದು ಹೇಗೆ?

ನಮ್ಮ ಕರಾವಳಿಯ ಚರ್ಚುಗಳಲ್ಲಿ "ಫಲಭರಿತ ಜೀವನ" ಎಂಬ ಮಾತು ಕೇಳದ ಭಾನುವಾರ ಕಡಿಮೆ. ಪ್ರಸಂಗದಲ್ಲಿ ಬರುತ್ತದೆ, ಪ್ರಾರ್ಥನೆಯಲ್ಲಿ ಬರುತ್ತದೆ, ಮದುವೆಯ ಹಾರೈಕೆಯಲ್ಲೂ ಬರುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಎದ್ದು ಅದಕ್ಕಾಗಿ ಏನು ಮಾಡಬೇಕು ಎಂದು ಕೇಳಿದರೆ ತುಂಬಾ ಜನ ತಡವರಿಸುತ್ತಾರೆ. ಇನ್ನೊಂದು ಸಂಘಕ್ಕೆ ಸೇರಬೇಕಾ? ಉಪವಾಸ ಕೂಟಕ್ಕೆ ಹೋಗಬೇಕಾ? ಪರಿಚಯ ಇಲ್ಲದವರಿಗೆ ಸುವಾರ್ತೆ ಹೇಳಬೇಕಾ?

ಇವೆಲ್ಲ ಒಳ್ಳೆಯದೇ. ಆದರೆ ಶುರು ಮಾಡುವ ಜಾಗ ಅದಲ್ಲ ಎಂದು ನನಗೆ ಅನಿಸುತ್ತದೆ. ನಿಮ್ಮ ಜೊತೆ ಒಂದೇ ಮಾಡಿನ ಕೆಳಗೆ ಇರುವವರು, ನಿಮ್ಮ ಕೈಯಿಂದ ಸಂಬಳ ತೆಗೆದುಕೊಳ್ಳುವವರು, ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಇವರಿಗೆ ನಿಮ್ಮಿಂದ ಏನು ಸಿಗುತ್ತಿದೆ ಎಂದು ನೋಡಿದರೆ ಫಲ ಉಂಟೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಈ ಲೇಖನ ಅಲ್ಲಿಂದ ಶುರು ಮಾಡಲು ಒಂದು ದಾರಿ ತೋರಿಸುತ್ತದೆ. ಕಥೋಲಿಕರಾಗಲಿ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯವರಾಗಲಿ, ಬೇರೆ ಸಭೆಯವರಾಗಲಿ, ಯಾರು ಬೇಕಾದರೂ ಇದನ್ನು ಅನುಸರಿಸಬಹುದು.

ಮೊದಲು ಎರಡು ಭಾಗ ಓದಿ

ಯೋಹಾನನ ಸುವಾರ್ತೆ 15ನೇ ಅಧ್ಯಾಯದ 1ರಿಂದ 17. ಆಮೇಲೆ ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 13ರಿಂದ 26. ಎರಡೂ ಸೇರಿದರೆ ಹತ್ತು ನಿಮಿಷದ ಓದು. ಆದರೆ ಹೊತ್ತು ಮಾಡಿಕೊಂಡು ಗಟ್ಟಿಯಾಗಿ ಓದಿ.

ಯೋಹಾನನ ಭಾಗ ಯೇಸು ಸೆರೆಯಾಗುವ ರಾತ್ರಿ ಶಿಷ್ಯರಿಗೆ ಹೇಳಿದ್ದು. ತಾನು ದ್ರಾಕ್ಷಿಬಳ್ಳಿ, ತಂದೆ ತೋಟಗಾರ, ನೀವು ಕೊಂಬೆಗಳು ಎಂದು ಅಲ್ಲಿ ಹೇಳುತ್ತಾನೆ. ನನ್ನಲ್ಲಿ ನೆಲೆಗೊಂಡಿರಿ ಎಂಬ ಮಾತು ಆ ಕೆಲವೇ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನನ್ನನ್ನು ಬಿಟ್ಟು ನಿಮ್ಮಿಂದ ಏನೂ ಆಗದು ಎಂದೂ ಹೇಳುತ್ತಾನೆ. ನಮ್ಮ ಪ್ರಯತ್ನದಿಂದ ಒಳ್ಳೆಯವರಾಗುತ್ತೇವೆ ಎಂದು ಹೊರಟವರು ಈ ವಚನದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಹಾಗಂತ ಸುಮ್ನೆ ಕೂತರೂ ಆಗುವುದಿಲ್ಲ. 10ನೇ ವಚನದಲ್ಲಿ ಅವನ ಆಜ್ಞೆಗಳ ಪ್ರಕಾರ ನಡೆಯುವುದೇ ಅವನ ಪ್ರೀತಿಯಲ್ಲಿ ನೆಲೆಗೊಂಡಿರುವ ದಾರಿ ಎಂದಿದೆ. ಆ ಆಜ್ಞೆ ಯಾವುದೆಂದು 12ನೇ ವಚನದಲ್ಲಿ ಉಂಟು: ನಾನು ನಿಮ್ಮನ್ನು ಪ್ರೀತಿಸಿದ ಹಾಗೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿ.

ಗಲಾತ್ಯದ ಭಾಗದಲ್ಲಿ ಆತ್ಮನ ಫಲಗಳ ಪಟ್ಟಿ ಬರುವುದು 22 ಮತ್ತು 23ನೇ ವಚನದಲ್ಲಿ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ (ತಾಳ್ಮೆ), ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ತನ್ನನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು). ಸಂಡೇ ಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಆದರೆ ಪೌಲ ಇದನ್ನು ಬರೆದದ್ದು ಯಾರಿಗೆ? ಜಗಳ ಆಡುತ್ತಿದ್ದ ಸಭೆಗೆ. 15ನೇ ವಚನ ನೋಡಿ. ನೀವು ಒಬ್ಬರನ್ನೊಬ್ಬರು ಕಚ್ಚಿ ನುಂಗುತ್ತಿದ್ದರೆ ಒಬ್ಬರಿಂದ ಒಬ್ಬರು ಹಾಳಾಗುತ್ತೀರಿ, ಎಚ್ಚರ ಎನ್ನುತ್ತಾನೆ. ಆಮೇಲೆ ಶರೀರಭಾವದ ಕೆಲಸಗಳನ್ನು ಎಣಿಸುತ್ತಾನೆ. ನಾವು ಆ ಪಟ್ಟಿ ಎಂದ ಕೂಡಲೇ ಹಾದರ, ಕುಡಿತ ಎಂದುಕೊಳ್ಳುತ್ತೇವೆ. ಅವು ಅಲ್ಲಿ ಇವೆ. ಆದರೆ ಸುಮಾರು ಅರ್ಧ ಪಟ್ಟಿ ತುಂಬಿರುವುದು ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಕಕ್ಷಭೇದ, ಒಡಕು. ಕುಡಿತದ ಹತ್ತಿರವೂ ಹೋಗದ, ಚರ್ಚು ತಪ್ಪಿಸದ ಒಬ್ಬ ಮನುಷ್ಯ ಈ ಅರ್ಧ ಪಟ್ಟಿಯನ್ನು ಮನೆಯಲ್ಲಿ ಇಟ್ಟುಕೊಂಡು ಆರಾಮಾಗಿ ಇರಬಹುದು. ಅವನನ್ನು ಯಾರೂ ಕೇಳುವುದಿಲ್ಲ.

ಪಟ್ಟಿಯಲ್ಲಿರುವ ತಾಳ್ಮೆಗೆ ಎದುರು ಒಬ್ಬ ತೊಂದರೆ ಕೊಡುವವ ಬೇಕು. ದಯೆಗೆ ಒಬ್ಬ ಕಷ್ಟದಲ್ಲಿರುವವ ಬೇಕು. ಕೋಣೆಯಲ್ಲಿ ಒಬ್ಬರೇ ಕೂತು ಬೆಳೆಸುವ ಗುಣಗಳು ಇವಲ್ಲ. ಹಾಗಾಗಿಯೇ ನಾನು ಮನೆಯ ಮಾತು ಎತ್ತಿದ್ದು.

(ಕಥೋಲಿಕ ಧರ್ಮೋಪದೇಶದಲ್ಲಿ ಹನ್ನೆರಡು ಫಲಗಳನ್ನು ಕಲಿತವರು ಗೊಂದಲ ಮಾಡಿಕೊಳ್ಳಬೇಡಿ. ಲ್ಯಾಟಿನ್ ಬೈಬಲಿನಲ್ಲಿ ಈ ಪಟ್ಟಿ ಹನ್ನೆರಡಾಗಿ ಬಂದಿದೆ. ವಿಷಯ ಒಂದೇ.)

ಹುದ್ದೆ, ವರ, ಫಲ: ಬೆರೆಸಬೇಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ವಾಯರಿನಲ್ಲಿ ಹಾಡುವುದು ವರ. ಚೆನ್ನಾಗಿ ಪ್ರಾರ್ಥನೆ ನಡೆಸುವುದೂ ವರ. ಸಭೆಯ ಸಮಿತಿಯಲ್ಲಿ ಇರುವುದು, ವಾಳ್ಯದ (ಚರ್ಚಿನ ವಾರ್ಡಿನ) ಗುರ್ಕಾರರಾಗಿ ಮುಖ್ಯಸ್ಥಿಕೆ ವಹಿಸುವುದು ಜವಾಬ್ದಾರಿ. ಇವು ಯಾವುದೂ ತಾನಾಗಿಯೇ ಫಲ ಆಗುವುದಿಲ್ಲ. ಕೊರಿಂಥದ ಸಭೆಗೆ ಯಾವ ವರದಲ್ಲೂ ಕೊರತೆ ಇರಲಿಲ್ಲ ಎಂದು ಪೌಲ ಮೊದಲನೇ ಪತ್ರಿಕೆಯ ಶುರುವಿನಲ್ಲೇ ಬರೆಯುತ್ತಾನೆ. ಸ್ವಲ್ಪ ಕೆಳಗೆ ಅದೇ ಸಭೆಯಲ್ಲಿ ಜಗಳ ಇದೆ ಎಂದು ತನಗೆ ಗೊತ್ತಾಯಿತು ಎನ್ನುತ್ತಾನೆ. ಮತ್ತಾಯ 7ನೇ ಅಧ್ಯಾಯದಲ್ಲಿ ನಿನ್ನ ಹೆಸರಿನಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು ಎನ್ನುವವರಿಗೆ ಯೇಸು ನಿಮ್ಮ ಗುರುತೇ ನನಗಿಲ್ಲ ಎನ್ನುತ್ತಾನೆ. ಮರವನ್ನು ಫಲದಿಂದ ಗುರುತಿಸಬೇಕು ಎಂದು ಹೇಳಿದ್ದು ಅದಕ್ಕೆ ಸ್ವಲ್ಪ ಮುಂಚೆ.

ನಿಮ್ಮ ಸೇವೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಲೆಕ್ಕಕ್ಕೆ ತರದೆ ನೋಡಿ ಎನ್ನುತ್ತಿದ್ದೇನೆ ಅಷ್ಟೇ.

ಮನೆಯವರನ್ನು ಕೇಳಿ

ಇಡೀ ದಾರಿಯಲ್ಲಿ ಕಷ್ಟದ ಹೆಜ್ಜೆ ಇದು. ಜಾಸ್ತಿ ಪ್ರಯೋಜನ ಆಗುವುದೂ ಇದರಿಂದಲೇ.

ಮನೆಯ ಒಬ್ಬರನ್ನು ಆರಿಸಿಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಬೆಳೆದ ಮಗ, ಯಾರಾದರೂ ಸರಿ. ನಿಮಗೆ ಹೆದರುವವರನ್ನು ಆರಿಸಿಕೊಂಡರೆ ಇನ್ನೂ ಒಳ್ಳೆಯದು. ರಾತ್ರಿ ಊಟ ಆದ ಮೇಲೆ, ಯಾರಿಗೂ ಅವಸರ ಇಲ್ಲದ ಹೊತ್ತಿನಲ್ಲಿ ಒಂದೇ ಪ್ರಶ್ನೆ ಕೇಳಿ: "ನಾನು ಮನೆಯಲ್ಲಿರುವಾಗ ನಿನಗೆ ಯಾವುದು ಕಷ್ಟ ಆಗುತ್ತದೆ?"

ಮೊದಲ ಉತ್ತರ "ಏನಿಲ್ಲಪ್ಪ" ಎಂದೇ ಬರುತ್ತದೆ. ಅಲ್ಲಿಗೆ ಬಿಡಬೇಡಿ. "ಈಗ ಬೇಡ, ಯೋಚನೆ ಮಾಡಿ ನಾಳೆ ಹೇಳು" ಅನ್ನಿ. ನಾಳೆ ನಿಜವಾಗಿ ಮತ್ತೆ ಕೇಳಿ. ಉತ್ತರ ಬಂದಾಗ ಮಾಡಬೇಕಾದ್ದು ಒಂದೇ ಕೆಲಸ, ಬಾಯಿ ಮುಚ್ಚಿ ಕೇಳುವುದು. "ಅದು ಹಾಗಲ್ಲ", "ನೀನೂ ಮೊನ್ನೆ ಹಾಗೇ ಮಾಡಿದ್ದಿ ಅಲ್ವಾ" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಒಂದು ಕಾಗದದಲ್ಲಿ ಬರೆದುಕೊಳ್ಳಿ.

ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿರುವ ಒಬ್ಬರು ಹೀಗೆ ಕೇಳಿದಾಗ ಹೈಸ್ಕೂಲಿಗೆ ಹೋಗುವ ಮಗಳು ಹೇಳಿದ ಮಾತು ಇದು: "ಅಪ್ಪಾ, ಅಯ್ಯನವರ (ಪಾದ್ರಿಯವರ) ಹತ್ತಿರ ಫೋನಿನಲ್ಲಿ ಮಾತಾಡುವಾಗ ನಿಮ್ಮ ಸ್ವರ ಬೇರೆ. ಫೋನ್ ಇಟ್ಟ ಮೇಲೆ ನಮ್ಮ ಹತ್ತಿರ ಮಾತಾಡುವ ಸ್ವರ ಬೇರೆ." ಅವರು ಇದನ್ನು ಗುಂಪಿನಲ್ಲಿ ಹೇಳಿಕೊಂಡಾಗ ನಾವು ಯಾರೂ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಆ ಎರಡು ಸ್ವರ ಉಂಟು. ಅವರು ಕಂಡುಕೊಂಡ ಉಪಾಯವೂ ಹೇಳುವಂಥದ್ದೇ. ಕೆಲಸ ಮುಗಿಸಿ ಬಂದ ಮೇಲೆ ಸ್ಕೂಟರ್ ಅಂಗಳದಲ್ಲಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಂದು ನಿಮಿಷ ಅಲ್ಲೇ ನಿಲ್ಲುತ್ತಾರೆ. "ಕರ್ತನೇ, ಒಳಗೆ ನನ್ನ ಸ್ವರವನ್ನು ನೀನೇ ಕಾಯಿ" ಎಂದು ಹೇಳಿ ಆಮೇಲೆ ಮೆಟ್ಟಿಲು ಹತ್ತುತ್ತಾರೆ. ಪೇಟೆಯ ಸಿಟ್ಟು, ಆಫೀಸಿನ ಸಿಟ್ಟು ಮನೆಯೊಳಗೆ ಬರುವುದಕ್ಕೆ ಮುಂಚೆ ಅವರು ನಿಲ್ಲುವ ಜಾಗ ಅದು. ಹೆಂಡತಿ ಮೊದಲು ಗಾಡಿ ಕೆಟ್ಟಿದೆಯೋ ಏನೋ ಎಂದುಕೊಂಡಿದ್ದರಂತೆ.

ಮನೆಯಲ್ಲಿ ಒಬ್ಬರೇ ಇರುವವರು ಏನು ಮಾಡುವುದು? ಶಿರ್ವ, ಕಲ್ಯಾಣಪುರ, ಕಿನ್ನಿಗೋಳಿ ಕಡೆ ಎಷ್ಟೋ ದೊಡ್ಡ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ ಇದ್ದಾರೆ, ಮಕ್ಕಳು ಗಲ್ಫಿನಲ್ಲೋ ಕೆನಡಾದಲ್ಲೋ. ಅಂಥವರು ಮನೆಗೆಲಸಕ್ಕೆ ಬರುವವರನ್ನು, ತೋಟದ ಆಳುಗಳನ್ನು, ಫೋನಿನಲ್ಲಿ ಮಗಳನ್ನು ಕೇಳಬಹುದು. ದೂರದಲ್ಲಿರುವ ಮಕ್ಕಳೂ ಅಪ್ಪ ಅಮ್ಮನನ್ನು ಕೇಳಬಹುದು. ದುಡ್ಡು ಕಳಿಸುತ್ತಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡ ಮಗನಿಗೆ, "ನೀನು ಫೋನ್ ಮಾಡಿದಾಗ ನಾನು ಹೇಳುವುದು ಮುಗಿಯುವ ಮೊದಲೇ ಇಡುತ್ತಿ" ಎಂಬ ಉತ್ತರ ಬರಬಹುದು.

ಬರೆದುಕೊಂಡದ್ದರಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ಒಂಬತ್ತೂ ಗುಣ ಒಟ್ಟಿಗೆ ಬೆಳೆಸಲು ಹೋಗಬೇಡಿ. ಒಬ್ಬ ಮನುಷ್ಯ, ಒಂದು ವಿಷಯ. ಹೆಂಡತಿಯ ಹತ್ತಿರ ಆಡುವ ಚುಚ್ಚುಮಾತು ಎಂದಿಟ್ಟುಕೊಳ್ಳಿ. ಅದನ್ನು ನಿಜವಾಗಿ ಬಿಡಬೇಕಾದರೆ ಪ್ರೀತಿ, ತಾಳ್ಮೆ, ದಮೆ ಎಲ್ಲವೂ ಬೇಕೇ ಆಗುತ್ತದೆ.

ಬೆಳಿಗ್ಗೆ ಹದಿನೈದು ನಿಮಿಷ, ರಾತ್ರಿ ಐದು ನಿಮಿಷ

ಈಗ ಆ ಕಾಗದವನ್ನು ಪ್ರಾರ್ಥನೆಗೆ ತನ್ನಿ. ನೆಲೆಗೊಂಡಿರುವುದು ಎಂದರೆ ದಿನಾಲೂ ಯೇಸುವಿನ ಹತ್ತಿರ ಹೋಗುವುದು, ಅವನ ಮಾತು ಕೇಳುವುದು, ಕೇಳಿದ್ದನ್ನು ಮಾಡುವುದು. ಬೇರೆ ಗುಟ್ಟು ಇಲ್ಲ.

ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಕೂತುಕೊಳ್ಳಿ. ಇದೊಂದು ಷರತ್ತು ಬಿಗಿಯಾಗಿರಲಿ. ಫೋನಿನಲ್ಲಿ ಬೈಬಲ್ ಓದುವವರು ಒಂದು ಪುಸ್ತಕದ ಬೈಬಲ್ ತೆಗೆದಿಡಿ, ಯಾಕೆಂದರೆ ಫೋನ್ ತೆರೆದ ಕೂಡಲೇ ಕುಟುಂಬದ ಗ್ರೂಪಿನ ಮೆಸೇಜು ಮೊದಲು ಕಣ್ಣಿಗೆ ಬೀಳುತ್ತದೆ. ಒಂದು ಚಿಕ್ಕ ಭಾಗ ಓದಿ. ಮೊದಲ ತಿಂಗಳು ಯೋಹಾನ 13ರಿಂದ 17ರವರೆಗೆ ಸ್ವಲ್ಪ ಸ್ವಲ್ಪವಾಗಿ ಓದುವುದು ಒಳ್ಳೆಯದು. ಅದಾದ ಮೇಲೆ ಆರಿಸಿಕೊಂಡ ವ್ಯಕ್ತಿಯ ಹೆಸರು ಹೇಳಿ ಪ್ರಾರ್ಥನೆ ಮಾಡಿ. "ಅವಳನ್ನು ಬದಲಾಯಿಸು" ಎಂಬ ಪ್ರಾರ್ಥನೆ ಈ ತಿಂಗಳು ಬೇಡ. "ಇವತ್ತು ಅವಳಿಗೆ ಏನು ಬೇಕೋ ಅದನ್ನು ನನ್ನ ಕೈಯಿಂದ ಕೊಡಿಸು" ಎಂದು ಕೇಳಿ.

ರಾತ್ರಿಗೆ ಯೇಸುಸಭೆಯ (ಜೆಸ್ವಿಟ್ ಗುರುಗಳ ಸಂಘದ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಒಂದು ಕ್ರಮ ಉಂಟು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಶುರು ಮಾಡಿದ ಯೇಸುಸಭೆಯವರು ಇವತ್ತಿಗೂ ಪಾಲಿಸುವ ಕ್ರಮ ಅದು. ಪ್ರೊಟೆಸ್ಟಂಟರೂ ಯಾವ ಹಿಂಜರಿಕೆ ಇಲ್ಲದೆ ಮಾಡಬಹುದು. ಮೊದಲು ದಿನದ ಒಳ್ಳೆಯದಕ್ಕೆ ದೇವರಿಗೆ ಕೃತಜ್ಞತೆ. ಆಮೇಲೆ ನನ್ನನ್ನು ಸರಿಯಾಗಿ ನೋಡಿಕೊಳ್ಳಲು ಬೆಳಕು ಕೊಡು ಎಂದು ಕೇಳುವುದು. ಬೆಳಿಗ್ಗೆಯಿಂದ ಏನೇನು ನಡೆಯಿತೆಂದು ಒಂದೊಂದಾಗಿ ನೆನಪು ಮಾಡುವುದು. ತಪ್ಪಿದ್ದಕ್ಕೆ ಕ್ಷಮೆ ಕೇಳುವುದು. ನಾಳೆಗೆ ಒಂದು ನಿರ್ಧಾರ. ಇದರಲ್ಲಿ ಮೂರನೆಯದಕ್ಕೆ ಹೊತ್ತು ಕೊಡಿ. ಮಧ್ಯಾಹ್ನ ಫೋನಿನಲ್ಲಿ ಏನಂದೆ, ಯಾಕೆ ಅಂದೆ, ಆಗ ಎದುರಿಗಿದ್ದವರ ಮುಖ ಹೇಗಾಯಿತು.

ಮನೆಯಲ್ಲಿ ಸಂಜೆ ಜಪಮಾಲೆಯೋ ಕುಟುಂಬ ಪ್ರಾರ್ಥನೆಯೋ ನಡೆಯುತ್ತಿದ್ದರೆ ಅದನ್ನು ಬಿಡಬೇಡಿ. ಟಿ.ವಿ. ಬಂದ ಮೇಲೆ, ಆಮೇಲೆ ಮೊಬೈಲ್ ಬಂದ ಮೇಲೆ, ಎಷ್ಟೋ ಮನೆಗಳಲ್ಲಿ ಅದು ನಿಂತುಹೋಗಿದೆ. ನಿಂತಿದ್ದರೆ ವಾರಕ್ಕೆ ಒಂದು ದಿನವಾದರೂ ಮತ್ತೆ ಶುರು ಮಾಡಿ. ಒಟ್ಟಿಗೆ ಮೊಣಕಾಲೂರಿದವರು ಎದ್ದ ಕೂಡಲೇ ಜಗಳ ಶುರು ಮಾಡಲು ಸ್ವಲ್ಪವಾದರೂ ಹಿಂಜರಿಯುತ್ತಾರೆ.

ಮಾರ್ಕ 4ನೇ ಅಧ್ಯಾಯದಲ್ಲಿ ಮುಳ್ಳುಗಿಡಗಳ ನಡುವೆ ಬಿದ್ದ ಬೀಜ ಚಿಗುರುತ್ತದೆ, ಆದರೆ ಫಲ ಕೊಡುವುದಿಲ್ಲ. ಆ ಮುಳ್ಳು ಯಾವುದೆಂದು ಯೇಸುವೇ ಹೇಳಿದ್ದಾನೆ. ಲೋಕದ ಚಿಂತೆ, ಐಶ್ವರ್ಯದ ಮೋಸ, ಬೇರೆ ಬೇರೆ ಆಸೆಗಳು. ನಮ್ಮ ಊರಿನಲ್ಲಿ ಇದು ಸಾಲ ಮಾಡಿ ನಡೆಸುವ ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಮತ್ತು ಮದುವೆ, ಪಕ್ಕದವರಿಗಿಂತ ಒಂದು ಮಾಳಿಗೆ ಜಾಸ್ತಿ ಕಟ್ಟುವ ಹಟ, ಯಾರು ಯಾರ ಬಗ್ಗೆ ಏನಂದರು ಎಂಬ ಸುದ್ದಿ. ಪ್ರಾರ್ಥನೆಗೆ ಕೂತಾಗ ಮನಸ್ಸು ಎಲ್ಲಿಗೆ ಓಡುತ್ತದೆ ಎಂದು ಒಂದು ವಾರ ಗಮನಿಸಿದರೆ ನಿಮ್ಮ ಮುಳ್ಳು ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ಹೋಗಿ ಸರಿ ಮಾಡಿ

ಪ್ರಾರ್ಥನೆ ಶುರು ಮಾಡಿದ ಕೆಲವು ದಿನಗಳಲ್ಲಿ ಯಾರದಾದರೂ ಮುಖ ಕಣ್ಣಮುಂದೆ ಬಂದೇ ಬರುತ್ತದೆ. ನೀವು ನೋವು ಮಾಡಿದವರು, ನಿಮ್ಮಿಂದ ಹಣ ವಾಪಸು ಸಿಗದವರು, ಮಾತು ಬಿಟ್ಟವರು. ಅಲ್ಲಿಗೆ ಹೋಗದೆ ಮುಂದಿನ ಹೆಜ್ಜೆ ಇಲ್ಲ. ಕಾಣಿಕೆಯನ್ನು ಯಜ್ಞವೇದಿಯ ಎದುರೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗಿ ಒಂದಾಗು ಎಂದು ಮತ್ತಾಯ 5ರಲ್ಲಿ ಯೇಸು ಹೇಳುತ್ತಾನೆ. ಸ್ನಾನಿಕ ಯೋಹಾನ ಪಶ್ಚಾತ್ತಾಪಕ್ಕೆ ತಕ್ಕ ಫಲ ತೋರಿಸಿ ಎಂದಾಗ ಜನ "ನಾವೇನು ಮಾಡಬೇಕು?" ಎಂದು ಕೇಳಿದರು. ಲೂಕ 3ರಲ್ಲಿ ಅವನು ಕೊಟ್ಟ ಉತ್ತರದಲ್ಲಿ ದೊಡ್ಡ ಮಾತು ಒಂದೂ ಇಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ನೇಮಿಸಿದ್ದಕ್ಕಿಂತ ಜಾಸ್ತಿ ಕೀಳಬಾರದು. ಸಿಪಾಯಿಗಳು ಹೆದರಿಸಿ ದುಡ್ಡು ಕಸಿಯಬಾರದು, ಸಂಬಳದಲ್ಲಿ ತೃಪ್ತಿಯಾಗಿರಬೇಕು. ಪ್ರತಿಯೊಬ್ಬನಿಗೂ ಅವನವನ ಕೆಲಸದ ಜಾಗದಲ್ಲೇ ಫಲ.

ಕ್ಷಮೆ ಕೇಳುವುದನ್ನು ನಾವು ಕಲಿಯಬೇಕು. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿಬಿಡಿ" ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಉಂಟು. ಹೊಸ ವರ್ಷದ ಹಿಂದಿನ ದಿನ ಎಲ್ಲರಿಗೂ ಫಾರ್ವರ್ಡ್ ಮಾಡುವ ಮೆಸೇಜು ಇದೇ. ಇದರಲ್ಲಿ ತಪ್ಪು ಯಾವುದೆಂದು ಹೇಳಿಲ್ಲ, ತಪ್ಪಾಗಿದೆ ಎಂದೂ ಒಪ್ಪಿಲ್ಲ. ಹೀಗೆ ಹೇಳಿ: "ಅಣ್ಣಾ, ಅಪ್ಪನ ಕಾರ್ಯದ ದಿನ ಎಲ್ಲರ ಎದುರು ನಿನ್ನನ್ನು ಕಳ್ಳ ಅಂದೆ. ಅದು ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು. ನನ್ನದು ತಪ್ಪು. ಅತ್ತಿಗೆಯ ಹತ್ತಿರವೂ ಹೇಳುತ್ತೇನೆ." ಅಷ್ಟು ಸಾಕು. "ಆದರೆ ನೀನೂ" ಎಂದು ಸೇರಿಸಬೇಡಿ. ಅವನು ಬಾಗಿಲು ಹಾಕಿದರೆ ವಾಪಸು ಬನ್ನಿ, ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ಹೋಗಿ. ಕ್ಷಮಿಸುವುದು ಅವನಿಗೆ ಬಿಟ್ಟದ್ದು. ಎಲ್ಲರ ಎದುರು ಆಡಿದ ಮಾತಾದರೆ ಎಲ್ಲರ ಎದುರೇ ಹಿಂದೆ ತೆಗೆದುಕೊಳ್ಳಬೇಕು.

ಜಾಗದ ಕೇಸು ಕೋರ್ಟಿನಲ್ಲಿ ಇರುವವರು ಕೇಳುತ್ತಾರೆ, ಕ್ಷಮೆ ಕೇಳಿದರೆ ಕೇಸೂ ಬಿಡಬೇಕಾ ಎಂದು. ಹಾಗೇನಿಲ್ಲ. ಸರ್ವೆ ಆಗಲಿ, ಗಡಿ ಗುರುತಾಗಲಿ, ನ್ಯಾಯ ಯಾವ ಕಡೆ ಎಂದು ತೀರ್ಮಾನ ಆಗಲಿ. ಇಬ್ಬರಿಗೂ ಮನಸ್ಸಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಆದರೆ ಸುಳ್ಳು ಸಾಕ್ಷಿ ನಿಲ್ಲಬೇಕು. ಅವರ ಮಕ್ಕಳು ಎದುರು ಬಂದಾಗ ಮುಖ ತಿರುಗಿಸುವುದು ನಿಲ್ಲಬೇಕು. ಕೇಸು ನಡೆಯುತ್ತಿರುವಾಗಲೇ ಅವರ ಮನೆಯಲ್ಲಿ ಕಾಯಿಲೆ ಬಿದ್ದವರನ್ನು ನೋಡಿ ಬರಬಹುದು.

ಇದಕ್ಕೆ ನಮ್ಮ ಹಬ್ಬಗಳು ಒಳ್ಳೆಯ ಹೊತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ (ಮಾತೆ ಮರಿಯಳ ಜನ್ಮದಿನದ ತೆನೆ ಹಬ್ಬಕ್ಕೆ) ಕಥೋಲಿಕರ ಮನೆಯಲ್ಲಿ ಆಶೀರ್ವದಿಸಿದ ಹೊಸ ತೆನೆಯ ಭತ್ತ ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೂ ಆ ಕಾಳು ಲಕೋಟೆಯಲ್ಲಿ ಹೋಗುತ್ತದೆ. ಪಕ್ಕದ ಕಂಪೌಂಡಿನಲ್ಲಿರುವ ತಮ್ಮನ ಮನೆಗೆ ಮಾತ್ರ ಹೋಗುವುದಿಲ್ಲ ಎಂದಾದರೆ ಈ ಸಲ ಹಬ್ಬದ ಮುಂಚಿನ ನೊವೆನಾದ (ಒಂಬತ್ತು ದಿನದ ಪ್ರಾರ್ಥನೆಯ) ದಿನಗಳಲ್ಲಿ ಆ ಮನೆಯ ಹೆಸರು ಹೇಳಿ ಪ್ರಾರ್ಥನೆ ಮಾಡಿ, ಹಬ್ಬದ ದಿನ ನೀವೇ ತೆಗೆದುಕೊಂಡು ಹೋಗಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ. ಸಿ.ಎಸ್.ಐ. ಸಭೆಗಳಲ್ಲಿ ಸುಗ್ಗಿ ಹಬ್ಬಕ್ಕೆ ಮುಂಚೆಯೂ ಹೀಗೇ ಮಾಡಬಹುದು. ಆ ಹಬ್ಬದ ಏಲಂನಲ್ಲಿ (ಹರಾಜಿನಲ್ಲಿ) ಜೋರಾಗಿ ಸವಾಲು ಕೂಗುವ ಮೊದಲು, ಮಾತು ಬಿಟ್ಟವರ ಪಕ್ಕದ ಬೆಂಚಿನಲ್ಲಿ ಹೋಗಿ ಕೂತುಕೊಳ್ಳಿ.

ಹಣದ ವಿಷಯ ಬಂದರೆ ಬೈಬಲಿನ ಸುಂಕದವ ಜಕ್ಕಾಯನನ್ನು ನೋಡಿ. ಯೇಸು ಮನೆಗೆ ಬಂದ ದಿನ ಅವನು ಎದ್ದು ನಿಂತು ಆಸ್ತಿಯ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ ಕಡೆಯಿಂದ ಬಂದು ನಮ್ಮ ಊರಿನಲ್ಲಿ ಶೆಡ್ಡಿನಲ್ಲಿ ಇರುವವರ ಕೂಲಿಯನ್ನು "ಮುಂದಿನ ವಾರ ನೋಡುವ" ಎಂದು ಎಳೆದವರು ಯಾಕೋಬನ ಪತ್ರಿಕೆ 5ನೇ ಅಧ್ಯಾಯದ 4ನೇ ವಚನ ಓದಬೇಕು. ತಡೆಹಿಡಿದ ಆ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಅಲ್ಲಿದೆ. ಸಂಜೆಯೊಳಗೆ ಲೆಕ್ಕ ಮುಗಿಸಿ ಕೊಡಿ.

ಸವರುವ ಕತ್ತಿ

ಫಲ ಕೊಡುವ ಕೊಂಬೆಯನ್ನೂ ತಂದೆ ಇನ್ನಷ್ಟು ಫಲ ಕೊಡಲಿ ಎಂದು ಸವರುತ್ತಾನೆ ಎಂದು ಯೋಹಾನ 15:2 ಹೇಳುತ್ತದೆ. ನಮ್ಮ ಕಡೆ ದ್ರಾಕ್ಷಿ ತೋಟ ಇಲ್ಲ. ಆದರೆ ಶಂಕರಪುರದ ಕಡೆ ಹೋದರೆ ಮಲ್ಲಿಗೆ ಗಿಡ ಬೆಳೆಸದ ಮನೆ ಕಡಿಮೆ, ಅದರಲ್ಲಿ ಕ್ರೈಸ್ತರ ಮನೆಗಳೂ ತುಂಬಾ ಉಂಟು. ಗೆಲ್ಲು ಸವರಿದ ದಿನ ಆ ಅಂಗಳ ನೋಡಬೇಕು. ಹಸಿರಾಗಿದ್ದ ಗಿಡ ಬೋಳು, ಕೆಳಗೆ ಎಲೆಯ ರಾಶಿ. ಕೃಷಿ ಗೊತ್ತಿಲ್ಲದವರಿಗೆ ಯಾರೋ ಹಗೆಯಿಂದ ಕಡಿದ ಹಾಗೆ ಕಾಣುತ್ತದೆ. ಆದರೆ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಹಳೆಯ ಗೆಲ್ಲು ಹಾಗೇ ಬಿಟ್ಟರೆ ಎಲೆ ಜಾಸ್ತಿ, ಹೂ ಕಡಿಮೆ. ಅಟ್ಟೆ (ಕಟ್ಟಿದ ಹೂವಿನ ಕಟ್ಟು) ಲೆಕ್ಕದಲ್ಲಿ ಹೂ ಮಾರುವ ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಿತಿಯಿಂದ ನಿಮ್ಮನ್ನು ಕೈಬಿಟ್ಟರು. ಬಡ್ತಿ ತಪ್ಪಿತು. ಕಾಯಿಲೆಯಿಂದ ಮನೆಯಲ್ಲೇ ಇರಬೇಕಾಯಿತು. ಇಂಥ ಹೊತ್ತಿನಲ್ಲಿ "ಯಾಕೆ ಹೀಗಾಯಿತು" ಎಂದು ಅಳುವುದು ತಪ್ಪಲ್ಲ. ಕೀರ್ತನೆಗಾರರೂ ಅತ್ತಿದ್ದಾರೆ. ಅತ್ತ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕೈಬಿಟ್ಟಾಗ ನನ್ನಲ್ಲಿ ಏನು ಹೊರಗೆ ಬಂತು? ಸಿಟ್ಟಾ, ಹೊಟ್ಟೆಕಿಚ್ಚಾ, ಹೆದರಿಕೆಯಾ? ಅದನ್ನು ರಾತ್ರಿಯ ಪ್ರಾರ್ಥನೆಗೆ ತನ್ನಿ. ಶಿಸ್ತು ಆ ಹೊತ್ತಿಗೆ ದುಃಖದ್ದೇ ಎಂದು ಇಬ್ರಿಯರಿಗೆ ಬರೆದ ಪತ್ರಿಕೆ 12:11 ಒಪ್ಪಿಕೊಳ್ಳುತ್ತದೆ, ಸಮಾಧಾನದ ಫಲ ಆಮೇಲೆ ಬರುತ್ತದೆ ಎನ್ನುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಲ್ಲಾ ನೋವನ್ನೂ ದೇವರು ಸವರುವುದು ಎಂದು ಹೇಳಬೇಡಿ. ಗಂಡ ಹೊಡೆಯುತ್ತಾನೆ ಎಂದು ಹೇಳಿಕೊಂಡು ಬಂದ ಹೆಣ್ಣುಮಗಳಿಗೆ "ತಾಳ್ಮೆಯೂ ಆತ್ಮನ ಫಲ ಅಲ್ವಾ, ಸಹಿಸಿಕೋ" ಎಂದು ಬುದ್ಧಿ ಹೇಳಿ ವಾಪಸು ಕಳಿಸಿದ್ದನ್ನು ನಾನು ಕೇಳಿದ್ದೇನೆ. ಅದು ದೇವರ ಮಾತನ್ನು ದೇವರ ಮಗಳ ಮೇಲೆಯೇ ತಿರುಗಿಸಿದ ಹಾಗೆ. ತೋಟಗಾರ ತಂದೆ ಎಂದು ಯೇಸು ಹೇಳಿದ್ದು, ಹೊಡೆಯುವ ಗಂಡ ಎಂದಲ್ಲ. ಅಂಥ ಮನೆಯಲ್ಲಿರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. 181 ಮಹಿಳಾ ಸಹಾಯವಾಣಿ, ಜೀವಕ್ಕೆ ಅಪಾಯ ಇದ್ದರೆ 112. ಆ ಹೊತ್ತಿನಲ್ಲಿ ಜೊತೆಗೆ ನಿಲ್ಲುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ತಮ್ಮ ಮನೆಯಲ್ಲಿ ಒಂದು ಕೋಣೆ ಕೊಡುವುದು, ಇದು ಸಭೆಯಲ್ಲಿ ಉಳಿದವರು ಕೊಡಬೇಕಾದ ಫಲ. ಮನೆಯವರನ್ನು ಕೇಳಿ ಎಂದು ಮೇಲೆ ಹೇಳಿದ ಹೆಜ್ಜೆಯೂ ಅಂಥ ಮನೆಯಲ್ಲಿ ಪೆಟ್ಟು ತಿನ್ನುವವರಿಗಲ್ಲ.

ಬೇಲಿಯ ಆಚೆ

ಮನೆಯೊಳಗೆ ಸ್ವಲ್ಪ ಬೇರು ಹಿಡಿದ ಮೇಲೆ ಬೇಲಿಯ ಆಚೆ ನೋಡಿ. ಇದಕ್ಕೆ ನಮ್ಮ ಊರಿನಲ್ಲಿ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಹತ್ತು ವರ್ಷ ಆದ ಮೇಲೆ ಕುಷ್ಠರೋಗಿಗಳಿಗೆ ಇರಲು ಜಾಗ ಮಾಡಿದರು. ಆಗ ಅವರನ್ನು ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ. ಉಡುಪಿಯಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಎಂಬ ಸ್ವಿಸ್ ಮಹಿಳೆ 1923ರಲ್ಲಿ ಶುರು ಮಾಡಿದ ಆಸ್ಪತ್ರೆಗೆ ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಎಂದೇ ಹೇಳುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಕ್ರೈಸ್ತರಾದ ಮೇಲೆ ಕೆಲಸ ಕಳೆದುಕೊಂಡವರಿಗಾಗಿ ನೇಯ್ಗೆ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಸಿದವನಿಗೆ ಬರೀ ಪ್ರಸಂಗ ಸಾಲದು ಎಂದು ಅವರಿಗೆ ಗೊತ್ತಿತ್ತು.

ನಮ್ಮ ಕೈಲಿ ಆಸ್ಪತ್ರೆ ಕಟ್ಟಲು ಆಗದು. ಪಕ್ಕದ ಮನೆಯ ಭಟ್ಟರ ಅಮ್ಮನನ್ನು ಡಯಾಲಿಸಿಸಿಗೆ ಕರೆದುಕೊಂಡು ಹೋಗಲು ಆಗುತ್ತದೆ. ಎದುರುಮನೆಯ ಬ್ಯಾರಿ ಹುಡುಗನಿಗೆ ಗಣಿತ ಹೇಳಿಕೊಡಲು ಆಗುತ್ತದೆ. ಬದಲಿಗೆ ಅವರು ಚರ್ಚಿಗೆ ಬರಲಿ ಎಂಬ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ಗಾಯಗೊಂಡವನ ಹತ್ತಿರ ಯಾವ ಕರಾರೂ ಕೇಳಲಿಲ್ಲ. ಯಾಕೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಾತ್ರ ಮೆಲ್ಲಗೆ, ಗೌರವದಿಂದ ಹೇಳಿ. ಅದನ್ನೇ ಪೇತ್ರನೂ ತನ್ನ ಮೊದಲನೇ ಪತ್ರಿಕೆ 3:15ರಲ್ಲಿ ಹೇಳಿದ್ದಾನೆ.

ಎಷ್ಟು ದಿನ ಬೇಕು?

ತಿಂಗಳು ಆಯಿತು, ಏನೂ ಬದಲಾಗಿಲ್ಲ ಎಂದು ಬೇಸರಪಡುವವರು ತುಂಬಾ ಜನ. ಮಾರ್ಕ 4:26ರಿಂದ 29ರಲ್ಲಿ ಬೀಜ ಬಿತ್ತಿದ ರೈತ ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಹೇಗೆ ಬೆಳೆಯುತ್ತದೆಂದು ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತುಂಬಿದ ಕಾಳು. ಲೂಕ 13ರ ಅಂಜೂರದ ಮರದಲ್ಲಿ ಮೂರು ವರ್ಷ ಹಣ್ಣಿಲ್ಲ. ಕಡಿದುಬಿಡು ಎಂದ ಯಜಮಾನನ ಹತ್ತಿರ ತೋಟದವನು ಇನ್ನೊಂದು ವರ್ಷ ಕೇಳುತ್ತಾನೆ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಹಾಗಾಗಿ ದಿನಾಲೂ ಅಳೆದು ನೋಡಬೇಡಿ. ಮೂರು ತಿಂಗಳಿಗೊಮ್ಮೆ ಮೊದಲು ಕೇಳಿದ ವ್ಯಕ್ತಿಯನ್ನೇ ಅದೇ ಪ್ರಶ್ನೆ ಮತ್ತೆ ಕೇಳಿ. "ಸ್ವಲ್ಪ ಪರವಾಗಿಲ್ಲ" ಎಂದರೆ ದೇವರಿಗೆ ಸ್ತೋತ್ರ ಹೇಳಿ, ಕಾಗದದ ಎರಡನೇ ಸಾಲಿಗೆ ಹೋಗಿ. "ಹಾಗೇ ಇದೆ" ಎಂದರೆ ಅದೇ ಸಾಲನ್ನು ಇನ್ನೂ ಮೂರು ತಿಂಗಳು ಹಿಡಿಯಿರಿ.

ಬಿದ್ದ ದಿನ ಏನು ಮಾಡಬೇಕೆಂದು ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಬೀಳುತ್ತೀರಿ. ಅದೇ ಚುಚ್ಚುಮಾತು, ಅದೇ ಸ್ವರ. ಆ ರಾತ್ರಿ ಮಲಗುವ ಮೊದಲೇ ಆ ವ್ಯಕ್ತಿಯ ಹತ್ತಿರ ಹೋಗಿ ಏನಂದೆ ಎಂದು ಹೇಳಿ ಕ್ಷಮೆ ಕೇಳಿ. ಪಾಪವನ್ನು ಒಪ್ಪಿಕೊಂಡರೆ ಕ್ಷಮಿಸಲು ದೇವರು ನಂಬಿಗಸ್ತ ಎಂದು ಯೋಹಾನನ ಮೊದಲನೇ ಪತ್ರಿಕೆ 1:9ರಲ್ಲಿ ಉಂಟು. ಕಥೋಲಿಕರು ಪಾಪನಿವೇದನೆಗೆ ಹೋಗುವಾಗ "ಸಿಟ್ಟು ಮಾಡಿದೆ ಫಾದರ್" ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಯಾರ ಮೇಲೆ, ಯಾವ ಹೊತ್ತಿನಲ್ಲಿ ಎಂದು ಹೇಳಿಕೊಂಡರೆ ಸಹಾಯ ಜಾಸ್ತಿ ಸಿಗುತ್ತದೆ. ಪ್ರೊಟೆಸ್ಟಂಟರು ನಂಬಿಕೆಯ ಒಬ್ಬ ಸ್ನೇಹಿತನ ಹತ್ತಿರ ವಾರಕ್ಕೊಮ್ಮೆ ಹೀಗೆ ಮಾತಾಡಬಹುದು.

ವಯಸ್ಸಾದವರು "ಇನ್ನು ನನ್ನಿಂದ ಏನಾಗುತ್ತದೆ" ಎನ್ನುವುದನ್ನು ಕೇಳಿದ್ದೇನೆ. ಮುಪ್ಪಿನಲ್ಲಿಯೂ ಅವರು ಫಲ ಕೊಡುವರು ಎಂದು 92ನೇ ಕೀರ್ತನೆ ಹೇಳುತ್ತದೆ. ಮಂಚದ ಮೇಲಿದ್ದರೂ ಆ ಪ್ರಶ್ನೆಯನ್ನು ಕೇಳಬಹುದು. ಸ್ನಾನ ಮಾಡಿಸಲು ಬರುವ ಸೊಸೆಯನ್ನು, ಮದ್ದು ಕೊಡುವ ನರ್ಸನ್ನು. ಮೊಮ್ಮಕ್ಕಳ ಹೆಸರು ಬರೆದು ದಿಂಬಿನ ಅಡಿ ಇಟ್ಟುಕೊಂಡು ದಿನಕ್ಕೆ ಒಬ್ಬರಿಗಾಗಿ ಪ್ರಾರ್ಥನೆ ಮಾಡಬಹುದು. ಆ ದಿನ ಯಾರ ಸರದಿಯೋ ಅವರಿಗೆ ಸಂಜೆ ಒಂದು ಫೋನ್ ಮಾಡಿಸಿ ಎಂದು ಮನೆಯವರ ಹತ್ತಿರ ಹೇಳಿ. ದುಬೈಯಲ್ಲಿ ಅವರು ಕೆಲಸ ಬಿಟ್ಟು ಬರುವ ಹೊತ್ತು ನಮ್ಮಲ್ಲಿ ರಾತ್ರಿ ಎಂಟು ಗಂಟೆಯ ಸುಮಾರಿಗೆ ಆಗುತ್ತದೆ.